ಗುಂಡಿ ಮುಚ್ಚುವವರು ಯಾರು?

ನಮ್ಮೂರು ಗೋರ್ನೊ ದ್ರೆನೊವೊ.
ಬಲ್ಗೇರಿಯಾದ ನಕಾಶೆಯಲ್ಲಿ ಅದು
ನೊಣ ಕೂತೆದ್ದ ಗುರುತಿನಷ್ಟು.
ಮನೆ ನಲವತ್ತೊಂದು, ಚರ್ಚು ಒಂದು, ಹೆಂಡದಂಗಡಿ ಎರಡು,
ಅಂಚೆಯವ ನಾನೊಬ್ಬ, ಸ್ತಾಮೆನ್.
ಊರಾಚೆ, ಗುಲಾಬಿ ಹೊಲಗಳ ನಡುವೆ,
ಉಂಡು ಮಲಗಿದವನ ಹೊಟ್ಟೆಯಂಥ ದಿಬ್ಬ.
ಅದರೊಳಗೊಬ್ಬ ಥ್ರೇಸಿನ ದೊರೆ,
ದೊರೆಯ ಕೈಯಲ್ಲಿ ಚಿನ್ನದ ಬಟ್ಟಲು,
ಬಟ್ಟಲಿಗೆ ಜಿಂಕೆಯ ತಲೆ.
ಇಷ್ಟನ್ನು ಹೇಳಿದ್ದು ಇತಿಹಾಸವಲ್ಲ,
ಡೊಬ್ರಿಯ ಅಪ್ಪನ ಮೂರನೇ ಲೋಟ ರಕಿಯಾ.

ಈ ವಸಂತದಲ್ಲಿ ಸಾಕ್ಷಿ ಸಿಕ್ಕಿತು.
ಚರ್ಚಿನ ಹಳೇ ಜಮಾಖರ್ಚಿನ ಪುಸ್ತಕದಲ್ಲಿ
ಮೇಣದಬತ್ತಿಯ ಲೆಕ್ಕದ ಪಕ್ಕ ಯಾರೋ ಗೀಚಿದ್ದರು:
"ಅಕ್ರೋಟಿನ ಮರದಿಂದ ನೆರಳಿನ ದಾರಿ ಹಿಡಿ."
ಯಾವ ಮರ? ಯಾವ ಹೊತ್ತಿನ ನೆರಳು?
ಯಾರಿಗೆ ಬೇಕು! ಊರಿಗೆ ಊರೇ ಗುದ್ದಲಿ ಹಿಡಿಯಿತು.
ಔಷಧದಂಗಡಿಯ ನೆವೆನ್ ಬೆಳಗಿನ ನೆರಳಿಗೆ ಅಗೆದ,
ಡೊಬ್ರಿ ಸಂಜೆಯದಕ್ಕೆ.
ಪಾದ್ರಿಗಳು ಬೆಳದಿಂಗಳ ನೆರಳೇ ಸರಿಯೆಂದು ವಾದಿಸಿ
ಸಮಾಧಿ ತೋಡುವವನ ಸಲಿಕೆ ಎರವಲು ತಂದರು.
ಸಾರ್ಜೆಂಟ್ ಗಂಚೊ ಕಾನೂನು ಓದಿ ಹೇಳಿದ:
"ಅಗೆಯುವುದು ಅಪರಾಧ." ಹೇಳಿ, ಕೋಟು ಕಳಚಿ
ತಾನೂ ಒಂದು ಅಗೆದ, ತನಿಖೆಗೆ.

ಆಮೇಲೆ ಶುರುವಾಯಿತು ನಿಜವಾದ ನಿಗೂಢ.
ಹಗಲು ತೋಡಿದ್ದು ಬೆಳಗಾಗುವಷ್ಟರಲ್ಲಿ ಮುಚ್ಚಿರುತ್ತಿತ್ತು,
ಕೊಡವಿ ಹಾಸಿದ ಹಾಸಿಗೆಯ ಹಾಗೆ.
ನಟ್ಟನಡುವೆ ಒಂದು ಗುಲಾಬಿ ಕಡ್ಡಿ,
ಬುಡಕ್ಕೆ ನೀರು.
"ದೊರೆಯ ದೆವ್ವ," ಅಂದ ನೆವೆನ್,
ತನ್ನದೇ ಅಂಗಡಿಯ ನಿದ್ದೆಮಾತ್ರೆ ನುಂಗಿ.
ದೆವ್ವಕ್ಕೆ ತೋಟಗಾರಿಕೆಯೇ? ಅಂದೆ ನಾನು.
ಗಂಚೊ ಎರಡು ರಾತ್ರಿ ಕಾವಲು ಕೂತ.
ಎರಡೂ ರಾತ್ರಿ ಎಚ್ಚರವಿದ್ದದ್ದು ಅವನ ಗೊರಕೆ ಮಾತ್ರ.

ಅಂಚೆಯವನಿಗೆ ಕಣ್ಣು ಕಾಲಲ್ಲಿರುತ್ತದೆ.
ಕೆಸರಿನಲ್ಲಿ ಕತ್ತೆಯ ಹೆಜ್ಜೆ ಕಂಡೆ:
ಮೂರಕ್ಕೆ ಲಾಳ, ಒಂದು ಬರಿಗಾಲು.
ಊರಲ್ಲಿ ಕತ್ತೆಗಳು ಐದು
(ನಾಲ್ಕು ಕಾಲಿನವು),
ಕುಂಟುವುದು ಒಂದೇ, ಮಾರ್ಕೊ,
ಝ್ಲಾತ್ಕಾ ಅಜ್ಜಿಯದು.
ಝ್ಲಾತ್ಕಾ ಅಂದರೆ ಚಿನ್ನಮ್ಮ ಅಂತಲೇ ಅರ್ಥ.
ಇಷ್ಟು ದಿನ ನಮಗದು ಹೊಳೆಯಲೇ ಇಲ್ಲ.

ಪಿಂಚಣಿ ಕೊಡುವ ನೆಪದಲ್ಲಿ ಹೋದೆ.
ಸಹಿ ಹಾಕುವ ಬೆರಳಿನ ಉಗುರಲ್ಲಿ
ಅರ್ಧ ದಿಬ್ಬವೇ ಇತ್ತು.
"ಅಜ್ಜಿ, ನೀನೇನಾ?"
ಅಡ್ಡಡ್ಡ ತಲೆಯಾಡಿಸಿದಳು. ನಮ್ಮ ಕಡೆ ಅದಕ್ಕೆ ಹೌದು ಅಂತ.
"ಮೊದಲನೇ ಗುಂಡಿಗೆ ಮಾರ್ಕೊ ಬಿದ್ದ.
ಲಾಳ ಅಲ್ಲೇ ಹೋಯಿತು. ಹುಡುಕಲು ಇಳಿದೆ, ಮುಚ್ಚಿ ಬಂದೆ.
ಮುಚ್ಚಿದ ನೆಲ ಬೋಳು ಬೋಳು ಕಂಡಿತು, ಅದಕ್ಕೇ ಗುಲಾಬಿ.
ಎಂಬತ್ತೊಂದಾಯಿತು, ರಾತ್ರಿ ನಿದ್ದೆ ಬೇರೆ ಬರುವುದಿಲ್ಲ."
ನನ್ನ ಮುಂದೆ ಮೊಸರಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ನೀವು ಗಂಡಸರು, ಸ್ತಾಮೆನ್, ಊಟದ ಹೊತ್ತಾದರೆ
ಗುದ್ದಲಿ ಎಸೆದು ಓಡುವವರು.
ಒಂದು ಗುಂಡಿಯಲ್ಲಿ ಇನ್ನೊಂದೇ ಗೇಣು ಅಗೆದಿದ್ದರೆ..."
ನನ್ನ ಚಮಚ ಗಾಳಿಯಲ್ಲೇ ನಿಂತಿತು.
"ಜಿಂಕೆಗೆ ಒಂದು ಕಿವಿ ಮುರಿದಿದೆ," ಅಂದಳು.
"ಮೂತಿ ತುಂಬ ಮಣ್ಣು, ಪಾಪ.
ಒರೆಸಿ, ಮತ್ತೆ ಮಲಗಿಸಿದೆ."

ಮಾರಿದ್ದರೆ ಸೋಫಿಯಾದಲ್ಲಿ ಮಹಡಿ ಮನೆ, ಅಜ್ಜಿ!
"ಮಹಡಿ ಹತ್ತಲು ಮಾರ್ಕೊಗೆ ಬರುವುದಿಲ್ಲ."

ಈಗ ಊರು ತಣ್ಣಗಾಗಿದೆ.
ಡೊಬ್ರಿ ಜೇನು ಸಾಕುತ್ತೇನೆ ಅನ್ನುತ್ತಿದ್ದಾನೆ.
ದಿಬ್ಬದ ಮೇಲೆ ಹದಿನಾಲ್ಕು ಗಿಡ.
ಕಾಗದ ಹಂಚಿ ಮುಗಿಸಿ ದಿನವೂ ನಾನೇ ನೀರು ಹೊಯ್ಯುತ್ತೇನೆ,
ಹದಿನಾಲ್ಕಕ್ಕೂ. ಯಾವುದೆಂದು ಗೊತ್ತಿಲ್ಲದ ಮೇಲೆ
ಯಾವುದಕ್ಕೂ ಮೋಸ ಮಾಡುವ ಹಾಗಿಲ್ಲ.
ಮೊನ್ನೆ ಒಂಬತ್ತನೆಯದು ಮೊಗ್ಗು ಬಿಟ್ಟಿತು,
ಒಂದೇ, ತುಸು ಹಳದಿ.
ಸೈಕಲ್ಲು ಅಲ್ಲೇ ಬಿಟ್ಟು ಓಡಿದೆ:
"ಇದರ ಕೆಳಗೇನಾ?"
ಅಜ್ಜಿ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು,
ಆಮೇಲೆ ಅಡ್ಡಡ್ಡ,
ಆಮೇಲೆ ಗುಂಡಗೆ ಒಂದು ಸುತ್ತು,
ಮಾರ್ಕೊ ನೊಣ ಓಡಿಸುವ ಹಾಗೆ.